ವೀಸಾಕ್ಕೆ ಸಹಿ ಹಾಕಿದವನು ಯಜಮಾನನಲ್ಲ

(ಮಹಿಳಾ ಸಂಘಗಳ ತಾಲ್ಲೂಕು ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಜಾಮೀನು ಎಂದರೇನು ಎಂದು ಸಂಘದಲ್ಲಿ ಕೂತವರಿಗೆ ಯಾರೂ ಬಂದು ಪಾಠ ಹೇಳಬೇಕಾಗಿಲ್ಲ. ಒಬ್ಬಳು ಸಾಲ ಎತ್ತಿದರೆ ಉಳಿದವರು ಅವಳ ಬೆನ್ನಿಗೆ ನಿಲ್ಲುತ್ತೀರಿ. ಅವಳು ಕಂತು ಕಟ್ಟದಿದ್ದರೆ ಗುಂಪೇ ಹೊಣೆ. ಹಾಗೆಂದು ಜಾಮೀನು ನಿಂತವಳು ಸಾಲ ಪಡೆದವಳ ಮನೆಗೆ ಹೋಗಿ, ‘ನೀನು ನಿಮ್ಮಮ್ಮನಿಗೆ ಫೋನು ಮಾಡಬಾರದು, ನನ್ನನ್ನು ಕೇಳದೆ ಹೊಸಿಲು ದಾಟಬಾರದು’ ಎಂದು ಅಪ್ಪಣೆ ಮಾಡುತ್ತಾಳೆಯೇ? ಮಾಡಿದರೆ ಮುಂದಿನ ವಾರದ ಸಭೆಯಲ್ಲಿ ಅವಳನ್ನು ಸುಮ್ಮನೆ ಬಿಡುತ್ತೀರಾ?

ಇವತ್ತು ನಾನು ಮಾತಾಡಬೇಕೆಂದಿರುವುದು ಇನ್ನೊಂದು ಬಗೆಯ ಜಾಮೀನಿನ ಬಗ್ಗೆ. ಹೊರದೇಶದಲ್ಲಿರುವ ಗಂಡ ಹೆಂಡತಿಯನ್ನು ತನ್ನ ಬಳಿಗೆ ಕರೆಸಿಕೊಳ್ಳಲು ಕಾಗದಕ್ಕೆ ಸಹಿ ಹಾಕುತ್ತಾನೆ. ಇದನ್ನು ಸ್ಪಾನ್ಸರ್ ಮಾಡುವುದು ಎನ್ನುತ್ತಾರೆ. ‘ಇವಳು ನನ್ನ ಹೆಂಡತಿ, ಇವಳ ಊಟ, ವಸತಿಯ ಹೊಣೆ ನನ್ನದು’ ಎಂದು ಆ ದೇಶದ ಸರ್ಕಾರಕ್ಕೆ ಅವನು ಬರೆದುಕೊಡುವ ಮಾತು ಅದು. ಹೊಣೆಯ ಈ ಕಾಗದ ಎಷ್ಟೋ ಮನೆಗಳಲ್ಲಿ ಬಾರುಕೋಲಾಗಿದೆ. ಅದು ಹೇಗಾಗುತ್ತದೆ, ಅದನ್ನು ಕೈಯಿಂದ ಕಿತ್ತುಕೊಳ್ಳುವುದು ಹೇಗೆ ಎಂಬುದನ್ನು ನಾವೆಲ್ಲ ತಿಳಿದುಕೊಳ್ಳಬೇಕು.

‘ಫಾರಿನ್ ಗಂಡಿನ ಸಮಾಚಾರ ನಮಗೇಕೆ?’ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಫಾರಿನ್ ಗಂಡು ಈಗ ಬಸವನಗುಡಿ, ಮಲ್ಲೇಶ್ವರದವರಿಗೆ ಮಾತ್ರ ಬರುವ ಸಂಬಂಧವಲ್ಲ. ಜಿಲ್ಲೆ ಜಿಲ್ಲೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ತೆಂಗಿನ ತೋಟದವರ ಮಗ, ಬಸ್ ಕಂಡಕ್ಟರ್ ಮಗ, ಮೇಷ್ಟ್ರ ಮಗ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದ್ದಾರೆ. ಅವರಿಗೆ ಹೆಣ್ಣು ಹುಡುಕುವುದು ನಮ್ಮ ಊರುಗಳಲ್ಲೇ. ನಾವು ಬೀಡಿ ಕಟ್ಟಿ, ಹಪ್ಪಳ ಲಟ್ಟಿಸಿ, ಹಾಲು ಹಾಕಿ ಓದಿಸಿದ ಹೆಣ್ಣುಮಕ್ಕಳೇ ಆ ಹೆಣ್ಣುಗಳು. ‘ವರದಕ್ಷಿಣೆ ಏನೂ ಬೇಡ, ವರೋಪಚಾರ ಚೆನ್ನಾಗಿ ಆಗಲಿ ಸಾಕು’ ಎಂಬ ನಯದ ಮಾತಿನ ಜೊತೆಗೆ ಈಗ ವಿಮಾನದ ಟಿಕೆಟ್ಟು, ವೀಸಾ ಖರ್ಚು, ಅಲ್ಲಿ ಮನೆ ಹೂಡುವ ಖರ್ಚು ಎಂದು ಹೊಸ ಪಟ್ಟಿ ಬರುತ್ತದೆ. ಹೆಸರು ಏನೇ ಇಟ್ಟರೂ ಮದುವೆಯ ಷರತ್ತಾಗಿ ಕೇಳಿದ್ದೆಲ್ಲ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆಯೇ. ಆ ಹಣ ಹೊಂದಿಸಲು ತಾಯಿ ಬರುವುದು ಸಂಘದ ಸಾಲಕ್ಕೆ. ಆದ್ದರಿಂದ ಇದು ನಮ್ಮ ನಡಾವಳಿ ಪುಸ್ತಕಕ್ಕೆ ಬಂದಿರುವ ವಿಷಯ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೆಸರು ಬೇಡ, ಇದು ಒಬ್ಬಳ ಕಥೆಯಲ್ಲ. ಹುಡುಗ ಮೂರು ವಾರದ ರಜೆಯಲ್ಲಿ ಬರುತ್ತಾನೆ. ಮೊದಲ ವಾರ ಹೆಣ್ಣು ನೋಡುವುದು, ಎರಡನೆಯ ವಾರ ನಿಶ್ಚಿತಾರ್ಥ, ಮೂರನೆಯ ವಾರ ಛತ್ರ. ಅವನು ಅಲ್ಲಿ ಏನು ಕೆಲಸ ಮಾಡುತ್ತಾನೆ, ಮೊದಲೇ ಮದುವೆಯಾಗಿದೆಯೇ ಎಂದು ವಿಚಾರಿಸಲು ಯಾರಿಗೂ ಪುರುಸೊತ್ತಿಲ್ಲ. ಹುಡುಗಿ ವಿಮಾನ ಹತ್ತುತ್ತಾಳೆ. ಅಲ್ಲಿ ಇಳಿದ ದಿನವೇ ‘ಕಳೆದುಕೊಂಡೀಯೆ’ ಎಂದು ಅವಳ ಪಾಸ್‌ಪೋರ್ಟನ್ನು ಅವನು ತನ್ನ ಬೀರುವಿನಲ್ಲಿ ಇಟ್ಟುಕೊಳ್ಳುತ್ತಾನೆ. ಅವಳಿಗೆ ದುಡಿಯುವ ಪರವಾನಗಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಅಂಗಡಿಗೆ ಹೋಗಲೂ ಕಾರು ಬೇಕಾದ ಊರು ಅದು, ಅವಳಿಗೆ ಓಡಿಸಲು ಬಾರದು. ಆರು ತಿಂಗಳಿಗೆ ಮೊದಲ ಏಟು ಬೀಳುತ್ತದೆ. ಅಳುತ್ತಾ ಕೂತವಳಿಗೆ ಅವನು ಹೇಳುವುದು ಒಂದೇ ಮಾತು: ‘ನೀನು ಈ ದೇಶದಲ್ಲಿ ಇರೋದು ನನ್ನ ಸಹಿಯಿಂದ. ಬಾಯಿ ತೆಗೆದರೆ ನಾಳೆಯೇ ವೀಸಾ ಕ್ಯಾನ್ಸಲ್.’

ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು? ಇದು ತಿಳಿದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧಕ್ಕೆ ಏನು ಮಾಡಬೇಕೆಂದೂ ಹೊಳೆಯುತ್ತದೆ.

ಮೊದಲು ಅಮೆರಿಕವನ್ನು ತೆಗೆದುಕೊಳ್ಳೋಣ. ಅಲ್ಲಿರುವ ಗಂಡಂದಿರಲ್ಲಿ ಎರಡು ಬಗೆ. ಕೆಲವರು ಆ ದೇಶದ ಪೌರರು, ಇಲ್ಲವೆ ಗ್ರೀನ್ ಕಾರ್ಡ್ ಎಂಬ ಕಾಯಂ ವಾಸದ ಹಕ್ಕು ಪಡೆದವರು. ಇನ್ನು ಕೆಲವರು ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ತಾತ್ಕಾಲಿಕವಾಗಿ ಇರುವವರು. ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರಲ್ಲಿ ಅನೇಕರು ಈ ಎರಡನೆಯ ಗುಂಪಿನವರು. ಹೆಣ್ಣು ಕೊಡುವವರು ಗಂಡು ಯಾವ ಗುಂಪಿನವನೆಂದು ಕೇಳುವುದೇ ಇಲ್ಲ. ‘ಅಮೆರಿಕದಲ್ಲಿದ್ದಾನೆ’ ಎಂದರೆ ಮುಗಿಯಿತು.

ಗಂಡ ಪೌರನೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಅವನು ಹೆಂಡತಿಗೆ ಕಾಯಂ ವಾಸದ ಅರ್ಜಿ ಹಾಕಬೇಕು. ಜೊತೆಗೆ ಅವಳ ಪೋಷಣೆಯ ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿನ ಸರ್ಕಾರ ಗುರುತಿಸಿದ ಬಡತನದ ಮಟ್ಟದ ಕನಿಷ್ಠ 125 ಪ್ರತಿಶತ ಆದಾಯವನ್ನು ಅವನು ತೋರಿಸಬೇಕು. ಗಮನಿಸಿ, ಈ ಮುಚ್ಚಳಿಕೆ ವಿಚ್ಛೇದನವಾದರೂ ಮುರಿದು ಬೀಳುವುದಿಲ್ಲ. ಅವಳು ಪೌರಳಾಗುವವರೆಗೆ ಅಥವಾ ಸುಮಾರು ಹತ್ತು ವರ್ಷದಷ್ಟು ದುಡಿಮೆ ಲೆಕ್ಕಕ್ಕೆ ಬರುವವರೆಗೆ ಹೊಣೆ ಅವನದೇ. ಅವಳು ನ್ಯಾಯಾಲಯಕ್ಕೆ ಹೋಗಿ ಅದನ್ನು ಕೇಳಬಹುದು. ಅಂದರೆ ಆ ಸಹಿ ಕಟ್ಟಿಹಾಕುವುದು ಅವನನ್ನು!

ಇಂಥ ಗಂಡ ಹಿಂಸಿಸಿದರೆ ಅವಳಿಗೆ ಇನ್ನೊಂದು ದಾರಿ ಇದೆ. 1994ರಲ್ಲಿ ಅಮೆರಿಕದಲ್ಲಿ ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಕಾಯ್ದೆ ಬಂತು. ಅದರ ಪ್ರಕಾರ ಹಿಂಸೆಗೊಳಗಾದ ಹೆಂಡತಿ ಗಂಡನ ಸಹಿ ಇಲ್ಲದೆ, ಅವನಿಗೆ ಗೊತ್ತೇ ಆಗದಂತೆ, ತಾನೇ ಅರ್ಜಿ ಹಾಕಿಕೊಳ್ಳಬಹುದು.

ಎಚ್-1ಬಿ ಗಂಡನ ಹೆಂಡತಿಗೆ ಸಿಗುವುದು ಎಚ್-4 ಎಂಬ ಅವಲಂಬಿತರ ವೀಸಾ. ಕಷ್ಟ ಇರುವುದು ಇಲ್ಲಿ. 1994ರ ಕಾಯ್ದೆಯ ಸ್ವಂತ ಅರ್ಜಿಯ ದಾರಿ ಇವಳಿಗಿಲ್ಲ. ವಿಚ್ಛೇದನವಾದರೆ ಎಚ್-4 ಮುಗಿಯುತ್ತದೆ. ದುಡಿಯುವ ಅನುಮತಿಯೂ ಎಲ್ಲರಿಗೂ ಇಲ್ಲ. 2015ರ ಮೇ 26ರಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಹೆಂಡತಿ ದುಡಿಯಲು ಅನುಮತಿ ಕೇಳಬಹುದೆಂಬ ನಿಯಮ ಬಂತು. ಹಿಂಸೆಗೊಳಗಾದ ಎಚ್-4 ಹೆಂಡತಿ ಕೆಲಸದ ಅನುಮತಿಯನ್ನು ತಾನೇ ಕೇಳಬಹುದೆಂದು 2005ರಲ್ಲಿ ಕಾನೂನಿಗೆ ಸೇರಿಸಿದರು. ಅದರ ಅರ್ಜಿ ನಮೂನೆ ಹೊರಬಂದದ್ದು 2017ರಲ್ಲಿ. ಕಾನೂನು ಕಾಗದದಿಂದ ಇಳಿದು ಕೈಗೆ ಬರಲು ಹನ್ನೆರಡು ವರ್ಷ ಹಿಡಿಯಿತು!

ಇನ್ನೂ ಒಂದು ದಾರಿ ಯು-ವೀಸಾ. ಅಪರಾಧಕ್ಕೆ ಬಲಿಯಾಗಿ ಪೊಲೀಸರ ತನಿಖೆಗೆ ನೆರವಾದವರಿಗೆ ಕೊಡುವಂಥದ್ದು. ಮನೆಯೊಳಗಿನ ಹಿಂಸೆಯೂ ಆ ಅಪರಾಧಗಳ ಪಟ್ಟಿಯಲ್ಲಿದೆ. ವರ್ಷಕ್ಕೆ ಕೊಡುವುದು 10,000 ಮಾತ್ರ, ಸರದಿ ಬಹಳ ಉದ್ದ. ಓದಲು ಸೀಟು ಪಡೆದು ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡ ಹೆಣ್ಣುಮಕ್ಕಳೂ ಇದ್ದಾರೆ. ಹುಡುಗಿ ಓದಿದವಳಾಗಿದ್ದರೆ ಅವಳ ಮಾರ್ಕ್ಸ್ ಕಾರ್ಡುಗಳು ಎಲ್ಲಿವೆ ಎಂಬುದು ಒಡವೆ ಎಲ್ಲಿದೆ ಎಂಬುದಕ್ಕಿಂತ ಮುಖ್ಯವಾಗುವುದು ಇಂಥ ಹೊತ್ತಿನಲ್ಲಿ.

ಹಾಗಾದರೆ ‘ನಾಳೆಯೇ ಕ್ಯಾನ್ಸಲ್’ ಎಂಬ ಅವನ ಮಾತು? ವೀಸಾ ಕೊಡುವುದು, ತೆಗೆಯುವುದು ಸರ್ಕಾರ. ಗಂಡನ ಒಂದು ಫೋನಿಗೆ ಅದು ರಾತ್ರೋರಾತ್ರಿ ಹಾರಿಹೋಗುವುದಿಲ್ಲ. ಏಟು ತಿಂದವಳು ಪೊಲೀಸರನ್ನು ಕರೆದಳೆಂಬುದು ಅವಳ ಅಪರಾಧವೂ ಅಲ್ಲ. ಆದರೆ ಎಚ್-4 ಹೆಣ್ಣಿನ ಸಂಕಟ ಇನ್ನೂ ಒಂದಿದೆ. ಗಂಡನ ಮೇಲೆ ಕೇಸಾಗಿ ಅವನ ಕೆಲಸವೋ ವೀಸಾವೋ ಹೋದರೆ, ಅದನ್ನು ನೆಚ್ಚಿಕೊಂಡ ಅವಳ ವೀಸಾವೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಕೂತ ಹೆಣ್ಣನ್ನು ಹೇಡಿ ಎನ್ನುವ ಮೊದಲು ಈ ಲೆಕ್ಕ ನಮಗೆ ಗೊತ್ತಿರಬೇಕು. ಅವಳು ಹೆದರಿರುವುದು ಅವನೊಬ್ಬನಿಗಲ್ಲ, ಅವನ ಬೆನ್ನಿಗಿರುವ ನಿಯಮಕ್ಕೆ.

ನಿಯಮ ಬದಲಾಗುವುದೇ ಇಲ್ಲವೆ? ಬದಲಾಗಿದೆ. ಬದಲಾಯಿಸಿದವರು ಹೆಂಗಸರು. ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿ ಹಿಂದೆ, ಮದುವೆಯಾಗಿ ಬಂದ ಹೆಣ್ಣು ಒಂದು ವರ್ಷದೊಳಗೆ ಗಂಡನನ್ನು ಬಿಟ್ಟರೆ ದೇಶ ಬಿಡಬೇಕಿತ್ತು. ಲಂಡನ್ನಿನ ಸೌತಾಲ್ ಎಂಬಲ್ಲಿ 1979ರಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಸಂಘಟನೆ ಈ ನಿಯಮದ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ಅದರಲ್ಲಿ ನಮ್ಮ ದೇಶದ ಮೂಲದ ಹೆಂಗಸರೂ ಇದ್ದರು. ‘ಏಟು ತಿನ್ನುವುದೋ, ಗಡೀಪಾರಾಗುವುದೋ ಎಂದು ಹೆಣ್ಣನ್ನು ಕೇಳುವುದು ನ್ಯಾಯವೆ?’ ಎಂಬುದು ಅವರ ಪ್ರಶ್ನೆಯಾಗಿತ್ತು. 1999ರಲ್ಲಿ ಸರ್ಕಾರ ರಿಯಾಯಿತಿ ಕೊಟ್ಟಿತು. 2002ರಲ್ಲಿ ಅದು ನಿಯಮವಾಯಿತು. ಹಿಂಸೆಯಿಂದ ಸಂಸಾರ ಮುರಿದರೆ, ಸಂಗಾತಿ ವೀಸಾದಲ್ಲಿ ಬಂದವಳು ಕಾಯಂ ವಾಸ ಕೇಳಬಹುದು. ಅರ್ಜಿ ತೀರ್ಮಾನವಾಗುವವರೆಗೆ ಹೊಟ್ಟೆಗೇನು, ತಲೆಗೆ ಸೂರೇನು ಎಂದು ಮತ್ತೆ ಹೋರಾಡಿದರು. 2012ರಿಂದ ಅಂಥವರಿಗೆ ಮೂರು ತಿಂಗಳು ಸರ್ಕಾರದ ನೆರವು ಪಡೆಯುವ ಅವಕಾಶ ಬಂತು. 2024ರ ಫೆಬ್ರವರಿಯಿಂದ ಕೆಲಸದ ವೀಸಾದವರ, ವಿದ್ಯಾರ್ಥಿಗಳ ಅವಲಂಬಿತರಿಗೂ ಈ ಮೂರು ತಿಂಗಳ ನೆರವು ವಿಸ್ತರಿಸಿತು.

ನಮ್ಮ ಊರುಗಳಿಗೆ ತೀರ ಹತ್ತಿರದ ಇನ್ನೊಂದು ಅನ್ಯಾಯವಿದೆ. ‘ನಿಮ್ಮಮ್ಮನನ್ನು ನೋಡಿಕೊಂಡು ಬರೋಣ ನಡಿ’ ಎಂದು ಹೆಂಡತಿಯನ್ನು ಕರೆತರುತ್ತಾನೆ. ತವರಿನಲ್ಲಿ ಬಿಡುತ್ತಾನೆ. ಅವಳ ಪಾಸ್‌ಪೋರ್ಟ್ ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ವಿಮಾನ ಹತ್ತುತ್ತಾನೆ. ಎಷ್ಟೋ ಸಲ ಮಗು ಅಲ್ಲಿ, ತಾಯಿ ಇಲ್ಲಿ. ಇದೂ ಹಿಂಸೆಯೇ ಎಂದು ಒಪ್ಪಿ, ಹೀಗೆ ಬಿಟ್ಟುಹೋದ ಸಂಗಾತಿ ಹೊರದೇಶದಿಂದಲೇ ಅರ್ಜಿ ಹಾಕಿ ಇಂಗ್ಲೆಂಡಿಗೆ ಮರಳಬಹುದೆಂಬ ನಿಯಮ 2024ರ ಜನವರಿ 31ರಂದು ಅಲ್ಲಿ ಜಾರಿಗೆ ಬಂತು.

ಆಸ್ಟ್ರೇಲಿಯಾದಲ್ಲೂ ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದವಳ ಸಂಬಂಧ ಹಿಂಸೆಯಿಂದ ಮುರಿದರೆ ಅವಳ ಕಾಯಂ ವೀಸಾ ಅರ್ಜಿ ಬಿದ್ದುಹೋಗಬೇಕಾಗಿಲ್ಲ. ಅಲ್ಲಿನ ವಿಕ್ಟೋರಿಯಾ ರಾಜ್ಯ 2018ರಲ್ಲಿ ಕುಟುಂಬ ಹಿಂಸೆಯ ಕಾಯ್ದೆಗೆ ತಿದ್ದುಪಡಿ ತಂದು, ವರದಕ್ಷಿಣೆಗಾಗಿ ಪೀಡಿಸುವುದನ್ನೂ ಹಿಂಸೆ ಎಂದು ಬರೆಯಿತು. ನಮ್ಮ ಪಿಡುಗು ಸಮುದ್ರ ದಾಟಿತು, ಅದರ ಹಿಂದೆಯೇ ಹೆಂಗಸರ ಹೋರಾಟವೂ ದಾಟಿತು.

ಮದುವೆಯಾಗದೆ ಮೆಚ್ಚಿದವನ ಜೊತೆ ಹೋಗುವವರ ಬಗ್ಗೆಯೂ ಎರಡು ಮಾತು ಹೇಳಬೇಕು. ಮುಖ ತಿರುಗಿಸಿದರೆ ಅವರು ಕಷ್ಟ ಬಂದಾಗ ನಮ್ಮ ಬಳಿಗೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಎರಡು ವರ್ಷದ, ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಹನ್ನೆರಡು ತಿಂಗಳ ಸಂಬಂಧವನ್ನು ರುಜುವಾತು ಮಾಡಿದರೆ ಮದುವೆಯಾಗದ ಸಂಗಾತಿಗೂ ವೀಸಾ ಕೇಳಬಹುದು. ಅಮೆರಿಕದಲ್ಲಿ ಹಾಗಿಲ್ಲ. ಪೌರನೊಬ್ಬ ಮದುವೆಯಾಗಲಿರುವವಳನ್ನು ಕರೆಸಿಕೊಳ್ಳಬಹುದು, ಬಂದ 90 ದಿನದೊಳಗೆ ಮದುವೆಯಾಗಬೇಕು. ಆ ತೊಂಬತ್ತು ದಿನ ಅವಳ ತಲೆಯ ಮೇಲೆ ಕತ್ತಿ ತೂಗುತ್ತಿರುತ್ತದೆ. ಪ್ರೀತಿಸಿ ಹೋದವಳಿಗೂ ಪಾಸ್‌ಪೋರ್ಟ್ ತನ್ನ ಕೈಯಲ್ಲೇ ಇರಬೇಕು.

ಇನ್ನು ಕಾಗದ ಹೆಣ್ಣಿನ ಕೈಯಲ್ಲೇ ಇರುವ ಮನೆಗಳೂ ಇವೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ನರ್ಸ್ ಹೆಣ್ಣುಮಕ್ಕಳು ತಾವು ಮೊದಲು ಹೋಗಿ, ದುಡಿದು, ಗಂಡನನ್ನು ಅವಲಂಬಿತನಾಗಿ ಕರೆಸಿಕೊಂಡಿದ್ದಾರೆ. ಅಲ್ಲಿ ಸಹಿ ಅವಳದು. ಆದರೂ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆ ಮಾಡುವವಳು, ಸಂಬಳವನ್ನು ಗಂಡನ ಕೈಗೆ ಒಪ್ಪಿಸುವವಳು ಅವಳೇ ಆಗಿರುವುದುಂಟು. ಸಹಿ ಗಂಡಸಿನದಾದರೆ ಯಜಮಾನಿಕೆ, ಹೆಂಗಸಿನದಾದರೆ ಬರೀ ಕರ್ತವ್ಯ! ಅಧಿಕಾರ ಇರುವುದು ಕಾಗದದಲ್ಲಿ ಅಲ್ಲ, ಗಂಡನೆಂದರೆ ಒಡೆಯ ಎಂದು ನಾವು ಕಲಿಸುತ್ತ ಬಂದ ಪಾಠದಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನಮ್ಮ ದೇಶದ ಕಾನೂನಿಗೆ ಬರೋಣ. ‘ಅವನು ಅಮೆರಿಕದಲ್ಲಿದ್ದಾನೆ, ನಾವು ಇಲ್ಲಿಂದ ಏನು ಮಾಡಲಾದೀತು?’ ಎಂದು ತಾಯಂದಿರು ಕೈಚೆಲ್ಲಿ ಕೂರುತ್ತಾರೆ. ಮಾಡಬಹುದಾದ್ದು ಬೇಕಾದಷ್ಟಿದೆ.

ಅಲ್ಲಿನ ನ್ಯಾಯಾಲಯದಿಂದ ವಿಚ್ಛೇದನದ ಕಾಗದ ಅಂಚೆಯಲ್ಲಿ ಬಂದರೆ ಸಂಸಾರ ಮುಗಿಯಿತು ಎಂದುಕೊಳ್ಳಬೇಡಿ. ಇಲ್ಲಿ ಹಿಂದೂ ವಿವಾಹ ಕಾಯ್ದೆಯಂತೆ ನಡೆದ ಮದುವೆಯನ್ನು, ಆ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದೆ ಹೊರದೇಶದ ನ್ಯಾಯಾಲಯ ಮುರಿದರೆ ಅದು ಇಲ್ಲಿ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿದೆ. ಕಾಗದ ಬಂದಾಗ ಸಹಿ ಮಾಡದೆ ಮೊದಲು ವಕೀಲರಿಗೆ ತೋರಿಸಿ.

ದೂರನ್ನು ಗಂಡನ ಊರಿನಲ್ಲೇ ಕೊಡಬೇಕೆಂದಿಲ್ಲ. ಕ್ರೌರ್ಯ ತಾಳದೆ ಮನೆ ಬಿಟ್ಟವಳು ತಾನು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ನಾವೆಲ್ಲ 498-ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಶಿಕ್ಷೆ ಹಿಂದಿನಂತೆಯೇ ಮೂರು ವರ್ಷದವರೆಗೆ. ನ್ಯಾಯಾಲಯದ ಸಮನ್ಸೋ ವಾರಂಟೋ ಇದ್ದು ಅವನು ತಪ್ಪಿಸಿಕೊಂಡು ತಿರುಗುತ್ತಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅವನ ಭಾರತೀಯ ಪಾಸ್‌ಪೋರ್ಟನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಅವಳ ಪಾಸ್‌ಪೋರ್ಟ್ ಬಚ್ಚಿಟ್ಟವನಿಗೆ ಅವನದೇ ಪಾಸ್‌ಪೋರ್ಟಿನ ಬೆಲೆ ಆಗ ತಿಳಿಯುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಜೀವನಾಂಶ, ಸ್ತ್ರೀಧನ ಕೇಳಬಹುದು. ಮದುವೆಯಾಗದೆ ದಂಪತಿಗಳಂತೆ ಬಾಳಿದವಳಿಗೂ ಆ ಕಾಯ್ದೆಯ ರಕ್ಷಣೆ ಇದೆ.

ಕೊರತೆಯೂ ಇದೆ. ಅನಿವಾಸಿ ಗಂಡಂದಿರು ಬಿಟ್ಟುಹೋದ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಕಾನೂನು ಬೇಕೆಂದು ಸುಪ್ರೀಂ ಕೋರ್ಟ್ 1994ರಲ್ಲೇ ನೀರಜಾ ಸರಾಫ್ ಪ್ರಕರಣದಲ್ಲಿ ಸೂಚಿಸಿತ್ತು. ಮದುವೆ ನೋಂದಣಿ ಕಡ್ಡಾಯ ಮಾಡುವ ಮಸೂದೆ ರಾಜ್ಯಸಭೆಗೆ ಬಂದದ್ದು 2019ರ ಫೆಬ್ರವರಿಯಲ್ಲಿ. 2024ರಲ್ಲಿ ಕಾನೂನು ಆಯೋಗವೂ ಸಮಗ್ರ ಕಾನೂನು ಬೇಕೆಂದು ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ ಹೇಳಿದಾಗ ಹುಟ್ಟಿದ ಹೆಣ್ಣುಮಗು ಆ ವರದಿ ಬರುವ ಹೊತ್ತಿಗೆ ಮೂವತ್ತರ ಹೆಂಗಸು!

ಕಾನೂನಿಗೆ ಕಾಯುತ್ತ ಕೂರುವ ಬದಲು ಸಂಘ ಇವತ್ತೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಹೊರದೇಶದ ಗಂಡಿಗೆ ಹೆಣ್ಣು ಕೊಡುತ್ತೇನೆಂದು ಸದಸ್ಯೆಯೊಬ್ಬಳು ಸಾಲ ಕೇಳಿದರೆ, ಹಣ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿ ನಡಾವಳಿಯಲ್ಲಿ ಬರೆದುಕೊಳ್ಳಿ.

ಒಂದು, ಗಂಡು ಯಾವ ವೀಸಾದಲ್ಲಿದ್ದಾನೆ? ಪೌರನೋ, ಕಾಯಂ ವಾಸಿಯೋ, ತಾತ್ಕಾಲಿಕವೋ?

ಎರಡು, ಹುಡುಗಿ ಹೋಗುವುದು ಯಾವ ವೀಸಾದಲ್ಲಿ? ಅದರಲ್ಲಿ ಅವಳು ದುಡಿಯಬಹುದೇ?

ಮೂರು, ಅವನ ಕೆಲಸ, ವಿಳಾಸ, ಹಿಂದಿನ ಮದುವೆಯ ವಿಚಾರವನ್ನು ಅವನ ಮನೆಯವರಲ್ಲದ ಯಾರಾದರೂ ನೋಡಿ ಹೇಳಿದ್ದಾರೆಯೇ?

ನಾಲ್ಕು, ವಿಮಾನ ಹತ್ತುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಣಿಯಾಗುತ್ತದೆಯೇ?

ಐದು, ಸಾಲದ ಹಣ ಯಾರ ಕೈಗೆ ಹೋಗುತ್ತದೆ? ಗಂಡಿನ ಕಡೆಗೆ ಎಂದಾದರೆ ಆ ಸಾಲ ಕೊಡಬೇಡಿ. ಹುಡುಗಿಯ ಹೆಸರಿನ ಠೇವಣಿಗೆ, ಅವಳ ಓದಿಗೆ, ಅವಳು ಕಾರು ಓಡಿಸಲು ಕಲಿಯುವುದಕ್ಕೆ ಎಂದಾದರೆ ಧಾರಾಳವಾಗಿ ಕೊಡಿ.

ಹುಡುಗಿ ಹೊರಡುವಾಗ ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಪತ್ರ, ಮಾರ್ಕ್ಸ್ ಕಾರ್ಡು, ಗಂಡನ ಪಾಸ್‌ಪೋರ್ಟಿನ ನಕಲು, ಮದುವೆಯಲ್ಲಿ ಕೊಟ್ಟ ಒಡವೆ ವಸ್ತುಗಳ ಸಹಿ ಮಾಡಿದ ಪಟ್ಟಿ, ಇಷ್ಟರ ಒಂದೊಂದು ಪ್ರತಿ ತವರಿನಲ್ಲಿರಲಿ. ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರ ನಿಯಮವೇ ಇದೆ, ನಾಚಿಕೆ ಪಡಬೇಕಾದ್ದೇನಿಲ್ಲ. ಅಲ್ಲಿನ ತುರ್ತು ಫೋನು ಅವಳಿಗೆ ಬಾಯಿಪಾಠವಾಗಲಿ: ಅಮೆರಿಕದಲ್ಲಿ 911, ಇಂಗ್ಲೆಂಡಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಅಮೆರಿಕದಲ್ಲಿ ನಮ್ಮ ಕಡೆಯ ಹೆಂಗಸರಿಗಾಗಿಯೇ ಕಟ್ಟಿದ ಸಂಘಟನೆಗಳಿವೆ. ನ್ಯೂಜೆರ್ಸಿಯ ಮಾನವಿ 1985ರಲ್ಲಿ, ನ್ಯೂಯಾರ್ಕಿನ ಸಖಿ 1989ರಲ್ಲಿ, ಕ್ಯಾಲಿಫೋರ್ನಿಯಾದ ಮೈತ್ರಿ 1991ರಲ್ಲಿ ಶುರುವಾದವು. ಪಾಸ್‌ಪೋರ್ಟ್ ಕಿತ್ತುಕೊಂಡರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡಬಲ್ಲದು. ಇಲ್ಲಿಂದ ತಾಯಿ ದೂರು ಕೊಡಬೇಕಾದರೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಮದುವೆಗಳಿಗೆಂದೇ ಒಂದು ವಿಭಾಗವಿದೆ. ಆಯೋಗದ ಸಹಾಯವಾಣಿ 7827170170. ನಮ್ಮ ರಾಜ್ಯದಲ್ಲಿ 181 ಇದೆ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ತಿಂಗಳು ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅದಕ್ಕೆ ಯಾವ ದೇಶದ ಅಧಿಕಾರಿಯ ಸಹಿಯೂ ಬೇಡ. ‘ಏನಾದರೂ ಆಗಲಿ, ಅಲ್ಲೇ ಹೊಂದಿಕೊಂಡು ಹೋಗು’ ಎಂದು ತಾಯಿ ಫೋನಿನಲ್ಲಿ ಹೇಳಿದ ದಿನ ಗಂಡನ ಬೀರುವಿನ ಬೀಗಕ್ಕೆ ಎರಡನೆಯ ಬೀಗ ಬೀಳುತ್ತದೆ. ‘ಬಾ ಮಗಳೇ, ಮನೆಯ ಬಾಗಿಲು ತೆರೆದಿದೆ’ ಎಂದು ಅವಳು ಹೋಗುವ ಮುನ್ನವೇ ಹೇಳಿ ಕಳಿಸಿ. ಊರವರು ಏನಂದಾರು ಎಂಬ ಭಯವಿದ್ದರೆ, ಆ ಊರವರಲ್ಲಿ ಅರ್ಧ ಜನ ಈ ಸಭೆಯಲ್ಲೇ ಕೂತಿದ್ದೀರಿ. ಸಂಘದ ಇಪ್ಪತ್ತು ಜನ ಸಾಲಕ್ಕೆ ಜಾಮೀನು ನಿಲ್ಲುತ್ತೀರಿ. ವಾಪಸು ಬಂದ ಒಬ್ಬ ಮಗಳ ಮಾನಕ್ಕೂ ಜಾಮೀನು ನಿಲ್ಲುತ್ತೇವೆ ಎಂದು ಇವತ್ತಿನ ನಡಾವಳಿಯಲ್ಲಿ ಠರಾವು ಬರೆಯಿರಿ. ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.